ಗೋಡೆಯಾಚೆಯವರ ಕನಸು

ಕೇತರಸ ನನ್ನ ಮನೆಯ ಬಲಗಡೆ ಕೋಣೆಗೆ ಬಂದದ್ದು ಎಡಗಡೆ ಕೋಣೆಯವಳನ್ನು ಕೊಲ್ಲುವುದಕ್ಕೆ. ತಾನು ಹುಡುಕುತ್ತಿರುವವಳು ಇವಳೇ ಎಂದು ಬಂದ ದಿನ ಅವನಿಗೂ ಗೊತ್ತಿರಲಿಲ್ಲ. ನನಗಂತೂ ಅವನು ಕುದುರೆ ಕತ್ತೆಗಳಿಗೆ ಔಷಧಿ ಮಾಡುವ ಕೇತಣ್ಣ, ಅವಳು ನನ್ನ ಜೊತೆ ಚಾಪೆ ಹೆಣೆಯುವ ಹೊನ್ನಕ್ಕ, ಅಷ್ಟೇ. ಅವಳು ದೊರೆಯ ಮಗಳು ಹೊನ್ನಲದೇವಿ, ಅವನು ಆ ದೊರೆ ಕೊಲ್ಲಿಸಿದ ಕೋಟೆಯೊಡೆಯ ಬೊಪ್ಪರಸನ ಮಗ ಎಂಬುದೆಲ್ಲ ಆಮೇಲೆ ಹೊರಬಿತ್ತು. ನಮ್ಮೂರಲ್ಲಿ ಏನೇ ಹೊರಬಿದ್ದರೂ ಜಗಲಿಯ ಮೇಲೆಯೇ ಬೀಳುತ್ತದೆ, ಬೆಳಗಿನ ಹೊತ್ತೇ ಬೀಳುತ್ತದೆ.

ಯಾಕೆಂದರೆ ನಮ್ಮಲ್ಲಿ ಒಬ್ಬರೇ ಮಲಗಿದವರ ಕನಸು ಗೋಡೆಯಾಚೆ ಒಬ್ಬರೇ ಮಲಗಿದವರಿಗೆ ಬೀಳುತ್ತದೆ. ಜೊತೆಗೆ ಮಲಗುವವರಿಗೆ ತೊಂದರೆಯಿಲ್ಲ, ಅವರವರದ್ದು ಅವರವರಿಗೇ. ಹಾಗಾಗಿ ಗಂಡ ಹೆಂಡಿರು, ತಾಯಿ ಮಕ್ಕಳು, ಅತ್ತೆ ಸೊಸೆಯರು ಹೇಗೋ ಜೋಡಿ ಹಾಕಿಕೊಂಡು ಮಲಗುತ್ತಾರೆ. ಒಂಟಿಯವರು ಮಾತ್ರ ಬೆಳಗ್ಗೆ ಎದ್ದು, ಮುಖ ತೊಳೆದು, ಬಾಯಿಗೆ ಏನೂ ಹಾಕಿಕೊಳ್ಳದೆ, ತಮಗೆ ಬಿದ್ದ ಕನಸನ್ನು ಅದು ಯಾರದ್ದೋ ಅವರಿಗೆ ಒಪ್ಪಿಸಬೇಕು. ಹೇಳುವವರೊಬ್ಬರು, ಕೇಳುವವರೊಬ್ಬರು, ನಡುವೆ ಕೂರುವವರೊಬ್ಬರು. ನಡುವಿನವರು ಬಾಯಿ ಮುಚ್ಚಿಕೊಂಡು ಕೇಳಿ, ಕೊನೆಗೆ "ಇನ್ನೇನಾದ್ರೂ ಉಳೀತಾ?" ಅನ್ನಬೇಕು. "ಉಳಿದಿಲ್ಲ" ಅಂದರೆ ಮುಗಿಯಿತು, ಎಲ್ಲರೂ ಎದ್ದು ಅಂಬಲಿ ಕುಡಿಯಬಹುದು. ಉಳಿಸಿಕೊಂಡು ಉಳಿದಿಲ್ಲ ಅಂದವರ ನಾಲಿಗೆ ಸಾಯುತ್ತದೆ. ಹುಣಿಸೆಹಣ್ಣು ತಿಂದರೂ ಮಣ್ಣು, ಬೆಲ್ಲ ತಿಂದರೂ ಮಣ್ಣು, ಪೂರ್ತಿ ಒಪ್ಪಿಸುವ ತನಕ.

ಇದರಲ್ಲಿ ತಮಾಷೆಯೂ ಇಲ್ಲದಿಲ್ಲ. ನಮ್ಮ ಬೀದಿಯ ಗಾಣಿಗರ ಮಲ್ಲಯ್ಯ ಹೆಂಡತಿಯ ಮೇಲೆ ಸಿಟ್ಟು ಮಾಡಿಕೊಂಡು ಒಂದು ದಿನ ಹಿತ್ತಲ ಕೋಣೆಯಲ್ಲಿ ಮಲಗಿದ. ಅವನ ಕನಸು ಪಕ್ಕದ ಮನೆಯ ಮುದುಕಿಗೆ ಬಿತ್ತು. ಮುದುಕಿ ಬೆಳಗ್ಗೆ ಬಂದು ನಿಷ್ಠೆಯಿಂದ ಒಪ್ಪಿಸಿದ್ದು ಅವನ ನಾದಿನಿಯ ವಿಚಾರ. ನಡುವೆ ಕೂತಿದ್ದವಳು ಅವನ ಹೆಂಡತಿ. ಅಲ್ಲಿಂದಾಚೆಗೆ ಎಂಥ ಜಗಳವಾದರೂ ಮಲ್ಲಯ್ಯ ಹೆಂಡತಿಯ ಪಕ್ಕ ಬಿಟ್ಟು ಅಲ್ಲಾಡಲಿಲ್ಲ.

ನನ್ನ ಗಂಡ ಹೋದ ಮೇಲೆ ನಾನು ಅತ್ತೆಯ ಜೊತೆ ಮಲಗುತ್ತಿದ್ದೆ. ಮುಂದಿನ ಎರಡು ಕೋಣೆಗಳನ್ನು ಒಂಟಿಯಾಗಿ ಬಂದವರಿಗೆ ಬಿಟ್ಟುಕೊಡುತ್ತಿದ್ದೆ. ಹೊನ್ನಕ್ಕ ಬಂದಾಗ ಅವಳ ಕೈಯಲ್ಲಿ ಒಂದು ಗಂಟೂ ಇರಲಿಲ್ಲ. ಜೊಂಡು ಸೀಳುವುದು ಕಲಿಸಿದೆ. ಮೊದಲ ತಿಂಗಳು ಅವಳು ಹೆಣೆದ ಚಾಪೆಯ ಮೇಲೆ ನಾಯಿಯೂ ಮಲಗಲಿಲ್ಲ.

"ಅವಳು ಜೊಂಡು ಮುಟ್ಟೋದು ನೋಡೇ ಬಾಚಿ," ಎಂದಿದ್ದರು ಅತ್ತೆ. "ಜೊಂಡೇ ಎದ್ದು ನಿಂತು ಅವಳಿಗೆ ಕೈ ಮುಗೀಬೇಕು ಅನ್ನೋ ಹಾಗಿದೆ."

ಆದರೂ ಕಲಿತಳು. ಮೂರು ವರ್ಷದಲ್ಲಿ ನನಗಿಂತ ಬಿಗಿಯಾಗಿ ಹೆಣೆಯುವ ಹಾಗಾದಳು. ಅಷ್ಟು ದಿನವೂ ಬಲಗಡೆ ಕೋಣೆ ಖಾಲಿ ಬಿದ್ದಿತ್ತು. ಖಾಲಿ ಕೋಣೆಗೆ ಬಿದ್ದ ಕನಸು ಎಲ್ಲಿಗೆ ಹೋಗುತ್ತದೋ, ನಮ್ಮಲ್ಲಿ ಯಾರೂ ಕೇಳಿಕೊಂಡವರಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಕೇತಣ್ಣ ಬಂದ. ಎತ್ತರದ ಆಳು, ಮೂವತ್ತರ ಆಸುಪಾಸು, ಮಾತು ಕಡಿಮೆ. ಎಲ್ಲರಿಗೂ ಹೇಳುವ ಹಾಗೆ ಅವನಿಗೂ ಊರಿನ ಪದ್ಧತಿ ಹೇಳಿದೆ. ಅವನು ನಕ್ಕ.

"ನನಗೆ ಕನಸೇ ಬೀಳಲ್ಲ ಅಕ್ಕ."

"ನಿನಗೆ ಬೀಳೋದು ನಿನ್ನದಲ್ವಲ್ಲಪ್ಪ," ಎಂದೆ.

ಮಾರನೆಯ ಬೆಳಗ್ಗೆ ಜಗಲಿಯ ಆ ತುದಿಗೆ ಅವನು, ಈ ತುದಿಗೆ ಹೊನ್ನಕ್ಕ, ನಡುವೆ ಪೊರಕೆ ಹಿಡಿದು ನಾನು. ಅವನ ಮುಖ ಬೂದಿಯಾಗಿತ್ತು.

"ಒಂದು ದೊಡ್ಡ ಮನೆ," ಎಂದ. "ಕಂಬಗಳು. ಒಂದು ನವಿಲು. ನಾನು ಚಿಕ್ಕವನು... ಚಿಕ್ಕವಳು. ಕೈಯಲ್ಲಿ ಬಳೆ ಇದ್ವು."

"ಲಂಗ ಉಟ್ಟಿದ್ಯೇನಪ್ಪ?" ಒಳಗಿನಿಂದ ಅತ್ತೆ ಕೂಗಿದರು.

"ಹೂಂ ಅಜ್ಜಿ, ಉಟ್ಟಿದ್ದೆ."

"ಇನ್ನೇನಾದ್ರೂ ಉಳೀತಾ?" ಎಂದೆ ನಾನು.

ಅವನು ತನ್ನ ಕಾಲ ಬೆರಳುಗಳನ್ನು ನೋಡಿಕೊಂಡ. "ಉಳಿದಿಲ್ಲ."

ಹೊನ್ನಕ್ಕನದ್ದು ಇನ್ನೂ ಚಿಕ್ಕದು. "ಕುದುರೆ ಮೇಲೆ ಹೋಗ್ತಿದ್ದೀರಿ. ಮಡಿಲಲ್ಲಿ ಒಂದು ಓಲೆ. ತುಂಬ ಧೂಳು. ಅಷ್ಟೇ, ಎಚ್ಚರ ಆಯ್ತು. ಉಳಿದಿಲ್ಲ ಬಾಚಕ್ಕ."

ನಾನು ನಂಬಿದೆ. ಬೇರೆಯವರ ಲಂಗ ಉಟ್ಟುಕೊಂಡು ಎದ್ದವನ ಮುಖ ಮೊದಲ ದಿನ ಬೂದಿಯಾಗುವುದು ಸಹಜವೇ.

ಹಾಗೆ ಶುರುವಾದದ್ದು. ದಿನಾ ಒಪ್ಪಿಸುತ್ತಿದ್ದರು, ದಿನಾ ಚಿಕ್ಕದಾಗಿಯೇ ಒಪ್ಪಿಸುತ್ತಿದ್ದರು. ಒಪ್ಪಿಸಿದ ಮೇಲೆ ಏಳದೆ ಕೂತು ಮಾತಾಡುವುದು ಮಾತ್ರ ದಿನದಿಂದ ದಿನಕ್ಕೆ ಉದ್ದವಾಯಿತು. ನಮ್ಮೂರಲ್ಲಿ ಕುದುರೆಗಳಿಲ್ಲ; ಅಗಸರ ಕತ್ತೆಗಳ ಗೊರಸು ಕೆರೆದು ಅವನು ಹೊಟ್ಟೆ ಹೊರೆಯುತ್ತಿದ್ದ. ಯಾವ ಕತ್ತೆ ಯಾವ ಕಡೆಗೆ ಒದೆಯಿತು ಎಂದು ಅವನು ವರದಿ ಒಪ್ಪಿಸಿದರೆ ಅವಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅವಳು ನಗುವುದನ್ನು ಮೂರು ವರ್ಷದಲ್ಲಿ ನಾನು ಕಂಡಿರಲಿಲ್ಲ. ಆಮೇಲೆ ಅವನು ಕೆರೆಯಿಂದ ನಮ್ಮ ಜೊಂಡಿನ ಹೊರೆ ಹೊತ್ತು ತರತೊಡಗಿದ. ಅಂಗೈಗೆ ಸಿಬಿರು ಹೊಕ್ಕರೆ ಅವಳು ಸೂಜಿ ತೆಗೆದುಕೊಂಡು ಕೂರುತ್ತಿದ್ದಳು. ಒಬ್ಬರ ಕನಸು ಒಬ್ಬರು ಕಂಡವರಿಗೆ ಪರಿಚಯ ಮಾಡಿಕೊಳ್ಳುವುದಕ್ಕೆ ಹೊಸದಾಗಿ ಏನಿರುತ್ತದೆ ಹೇಳಿ.

"ನಿಮ್ಮ ನವಿಲಿಗೆ ಒಂದು ಕಣ್ಣಿರಲಿಲ್ಲ, ಅಲ್ವಾ?" ಎಂದು ಒಂದು ದಿನ ಅವನು ಕೇಳಿದ.

"ಎಡಗಣ್ಣು."

"ಅದು ತಲೆ ವಾರೆ ಮಾಡಿ ನೋಡುತ್ತೆ. ನನಗೂ ಅದರ ಮೇಲೆ ಪ್ರೀತಿ ಬಂದುಬಿಟ್ಟಿದೆ."

ಅವಳು ಸೂಜಿ ಹಿಡಿದ ಕೈ ನಿಲ್ಲಿಸಿ ಅವನನ್ನೇ ನೋಡಿದಳು. ನಾನು ಜೊಂಡು ಬಿಡಿಸುವ ನೆಪದಲ್ಲಿ ಅತ್ತ ತಿರುಗಿಕೊಂಡೆ. ಇವರಿಬ್ಬರಿಗೂ ಒಂದು ಗಂಟು ಹಾಕಿಬಿಡೋಣ ಎಂದು ಅತ್ತೆಯ ಕಿವಿಯಲ್ಲಿ ಹೇಳಿದ್ದೂ ಆಯಿತು.

ಶಿವರಾತ್ರಿ ಹತ್ತಿರವಿದ್ದಾಗ ಅತ್ತೆಗೆ ಜ್ವರ ಬಂತು. ಅವರಿಗೆ ಕಷಾಯ ಕಾಯಿಸುವ ಗಡಿಬಿಡಿಯಲ್ಲಿ ನಾನು ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಮಧ್ಯಾಹ್ನ ನಾಲ್ಕೂ ಜನ ಕೂತೆವು. ಅತ್ತೆ ಒಂದು ತುತ್ತು ಬಾಯಿಗಿಟ್ಟು ಥೂ ಎಂದರು.

"ಏನೇ ಇದು? ಕೆರೆ ನೀರು ಕಾಯಿಸಿ ಬಡಿಸಿದ್ದೀಯಾ?"

ನಾನು ರುಚಿ ನೋಡಿದೆ. ನಿಜ, ಹರಳು ಉಪ್ಪೂ ಬಿದ್ದಿರಲಿಲ್ಲ. ಎದ್ದು ಉಪ್ಪಿನ ಮಡಕೆಗೆ ಕೈ ಹಾಕಿ ತಿರುಗಿ ನೋಡುತ್ತೇನೆ, ಅವರಿಬ್ಬರೂ ತಣ್ಣಗೆ ಉಣ್ಣುತ್ತಿದ್ದಾರೆ. ಕೇತಣ್ಣ ತಟ್ಟೆ ಮುಂದೆ ನೂಕಿ, "ಇನ್ನೊಂದು ಸೌಟು ಹಾಕಿ ಬಾಚಕ್ಕ. ಸಾರು ಚೆನ್ನಾಗಿದೆ," ಎಂದ. ಹೊನ್ನಕ್ಕನೂ ಹೂಂಗುಟ್ಟಿದಳು.

ನನ್ನ ಕೈ ಮಡಕೆಯೊಳಗೇ ನಿಂತುಹೋಯಿತು. ಇರಲಿ ಎಂದು ಮಾರನೆಯ ದಿನ ಬೆಲ್ಲ ಹುಳಿ ಏನೂ ಹಾಕದೆ ಹಾಗಲಕಾಯಿ ಬೇಯಿಸಿದೆ. ಇಬ್ಬರೂ ಹುಬ್ಬು ಕೂಡ ಗಂಟಿಕ್ಕಲಿಲ್ಲ. ಅವರಿಬ್ಬರ ನಾಲಿಗೆಯೂ ಸತ್ತಿತ್ತು. ಇಷ್ಟು ದಿನ ನನ್ನ ಎಡಕ್ಕೂ ಬಲಕ್ಕೂ ಕೂತು "ಉಳಿದಿಲ್ಲ, ಉಳಿದಿಲ್ಲ" ಎನ್ನುತ್ತಿದ್ದವರು ಇಬ್ಬರೂ ಉಳಿಸಿಕೊಂಡೇ ಅನ್ನುತ್ತಿದ್ದರು.

ನಡುವಿನವಳಾಗಿ ನಾನು ಆಗಲೇ ಹಿಡಿದು ಕೇಳಬೇಕಿತ್ತು. ಕೇಳಲಿಲ್ಲ. ಕಸ ಗುಡಿಸುವಾಗ ಅವನ ಕಂಬಳಿಯೊಳಗೆ ಒಂದು ಕಠಾರಿ ಕಂಡಿದ್ದೆ. ಗೊರಸು ಕೆರೆಯುವ ಬಾಗಿದ ಚಾಕು ನಾನು ನೋಡದ್ದಲ್ಲ, ಇದು ಅದಲ್ಲ. ಅದಕ್ಕೇ ಮೊದಲು ಹೊನ್ನಕ್ಕನನ್ನು ಜೊಂಡು ನೆನೆಸುವ ನೆಪದಲ್ಲಿ ಕೆರೆಗೆ ಕರೆದುಕೊಂಡು ಹೋದೆ.

"ನಿನ್ನ ನಾಲಿಗೆ ಸತ್ತು ಎಷ್ಟು ದಿನ ಆಯ್ತೇ?"

ಅವಳು ಬೆಚ್ಚಲಿಲ್ಲ. "ಅವರು ಬಂದ ಮಾರನೇ ದಿನದಿಂದ."

ಆಮೇಲೆ ಎಲ್ಲ ಹೇಳಿದಳು, ಬೇರೆ ಯಾರದೋ ಕಥೆ ಹೇಳಿದ ಹಾಗೆ. ಅವಳ ಅಪ್ಪ ದೊರೆ. ಬೊಪ್ಪರಸನ ಮೇಲೆ ಯಾರೋ ಚಾಡಿ ಹೇಳಿದರು, ದೊರೆ ಅವನನ್ನು ಆನೆಯ ಕಾಲಿಗೆ ಹಾಕಿಸಿದ. ಕೆಲವೇ ವರ್ಷದಲ್ಲಿ ದೊರೆ ತೀರಿಕೊಂಡ, ಚಿಕ್ಕಪ್ಪ ಪಟ್ಟಕ್ಕೆ ಬಂದು ಇವಳನ್ನು ಉಟ್ಟ ಬಟ್ಟೆಯಲ್ಲಿ ಗಡಿ ದಾಟಿಸಿದ. ಸೇಡು ತೀರಿಸಿಕೊಳ್ಳಲು ಆ ವಂಶದಲ್ಲಿ ಕೈಗೆ ಸಿಗುವವಳು ಇವಳೊಬ್ಬಳೇ.

"ಅವರು ನನ್ನನ್ನ ಹುಡುಕ್ಕೊಂಡು ಊರೂರು ಅಲೆದಿದ್ದಾರೆ. ಅವರ ಕನಸಲ್ಲಿ ದಿನಾ ನಾನೇ ನನ್ನನ್ನ ಹುಡುಕ್ತಾ ಹೋಗ್ತೀನಿ ಬಾಚಕ್ಕ."

"ಅಯ್ಯೋ, ಓಡಿಹೋಗೇ ಮಾರಾಯ್ತಿ!"

"ಒಂಬತ್ತು ಊರು ಓಡಿದೆ. ಇಲ್ಲಿ ಚಾಪೆ ಹೆಣೆಯೋದು ಕಲಿತೆ. ಇನ್ನು ಓಡಲ್ಲ."

"ನೀನೇ ಅವಳು ಅಂತ ಅವನಿಗೆ ಗೊತ್ತಾಗಿದ್ಯಾ?"

"ನನ್ನ ಕನಸು ಬೀಳೋದು ಅವರಿಗೇ ಅಲ್ವಾ?"

"ಮತ್ತೆ ಯಾಕೆ ಸುಮ್ನಿದ್ದಾನೆ?"

"ಅದನ್ನ ಅವರೇ ಹೇಳಬೇಕು."

"ನೀನು ಏನು ಮುಚ್ಚಿಟ್ಟಿದ್ದೀಯ?"

ಅವಳು ಜೊಂಡಿನ ಕಟ್ಟನ್ನು ನೀರಿಗೆ ಅದುಮಿ ಹಿಡಿದಳು. "ಅದನ್ನ ಜಗಲಿ ಮೇಲೆ ಹೇಳಿದ್ರೆ ಅವರು ಬದುಕಲ್ಲ," ಎಂದಳು.

ಕೊಲ್ಲಲು ಬಂದವನು ಬದುಕಬೇಕು ಎಂದು ಇವಳು ಮಣ್ಣು ತಿನ್ನುತ್ತಿದ್ದಾಳೆ. ನಾನು ಮನೆಗೆ ಬಂದು ಅತ್ತೆಯ ಪಕ್ಕ ಬಿದ್ದುಕೊಂಡೆ.

ಎರಡು ದಿನ ಕಳೆದು ಕೇತಣ್ಣ ಹೊರಡುವ ಮಾತೆತ್ತಿದ. ಬರುವ ಹುಣ್ಣಿಮೆಗೆ ಅಪ್ಪ ಸತ್ತು ಹನ್ನೆರಡು ವರ್ಷ. ಅವ್ವ ಕಾಯುತ್ತಿದ್ದಾಳೆ, ನಾಳೆ ಮಧ್ಯಾಹ್ನವೇ ಹೊರಡಬೇಕು.

"ಬರಿಗೈಲಿ ಬರಲ್ಲ ಅಂತ ಅವ್ವನಿಗೆ ಮಾತು ಕೊಟ್ಟಿದ್ದೀನಿ," ಎಂದ. ಹೊನ್ನಕ್ಕ ಅಲ್ಲೇ ಚಾಪೆಯ ಅಂಚು ಮಡಚುತ್ತಿದ್ದಳು. ತಲೆ ಎತ್ತಲಿಲ್ಲ, ಕೈಯೂ ನಿಲ್ಲಲಿಲ್ಲ.

ಅತ್ತೆಗೆ ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಅವರು ಜ್ವರದಲ್ಲೇ ಎದ್ದು ಕೂತರು. "ನಡುವೆ ಕೂತವಳು ನೀನು. ಮೂಟೆ ಥರ ಕೂರೋಕಾ ನಿನ್ನ ಕೂರಿಸಿರೋದು?"

ಮಾರನೆಯ ಬೆಳಗ್ಗೆ ಇಬ್ಬರೂ ಎಂದಿನ ಹಾಗೆ ಚೂರುಪಾರು ಒಪ್ಪಿಸಿದರು. "ಇನ್ನೇನಾದ್ರೂ ಉಳೀತಾ?" ಎಂದೆ. ಇಬ್ಬರೂ ಉಳಿದಿಲ್ಲ ಎಂದರು.

"ಸುಳ್ಳು," ಎಂದೆ. "ಉಪ್ಪಿಲ್ಲದ ಸಾರನ್ನ ನೀನು ಎರಡು ಸಲ ಹಾಕಿಸ್ಕೊಂಡೆ ಕೇತಣ್ಣ. ಹಾಗಲಕಾಯಿ ನುಂಗಿ ಇವಳು ಮುಖ ಕೂಡ ಹಿಂಡಲಿಲ್ಲ. ಕತ್ತೆಗೂ ಗೊತ್ತಾಗುತ್ತೆ ಅದು ಕಹಿ ಅಂತ. ನಡುವಿನವಳಾಗಿ ಕೇಳ್ತಿದ್ದೀನಿ, ಉಳಿಸಿರೋದನ್ನ ಇಬ್ಬರೂ ಇಲ್ಲಿ ಇಡಿ."

ಕೇತಣ್ಣ ಎದ್ದು ಒಳಗೆ ಹೋದ. ಬಂದಾಗ ಕೈಯಲ್ಲಿ ಕಠಾರಿ ಇತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಅದೇ ತುದಿಗೆ ಕೂತ. ಎದುರು ಮನೆಯ ಹೆಂಗಸು ಅಂಗಳಕ್ಕೆ ಸಗಣಿ ನೀರು ಎರಚುತ್ತಿದ್ದಳು. 

"ಕನಸಲ್ಲಿ ದೊರೆಯೇ ನನ್ನಪ್ಪ, ಓಲೆಗಳನ್ನ ಜೋಡಿಸಿ ಇಟ್ಟಿದ್ದಾರೆ," ಎಂದು ಅವನು ಶುರುಮಾಡಿದ. "ಅರಗು ಕರಗಿಸಿದ್ದಾರೆ. ಮುದ್ರೆ ಒತ್ತೋದು ನನ್ನ ಕೆಲಸ. ದಿನಾ ನನ್ನ ಕೈಲೇ ಒತ್ತಿಸ್ತಾರೆ, ಮುದ್ದಿಗೆ. ಹೊರಗೆ ನವಿಲು ಕೂಗ್ತಿದೆ, ಬೇಗ ಮುಗಿಸಿ ಹೋಗಬೇಕು. ಒಂದು ಓಲೆ ಮೇಲೆ ಬೊಪ್ಪರಸ ಅಂತಿದೆ. ಕೆಳಗೆ ಆನೆ ಅಂತಿದೆ. ಓದ್ತೀನಿ. ಒತ್ತುತ್ತೀನಿ." ಅವನು ಬಲಗೈ ಬಿಚ್ಚಿ ನೋಡಿಕೊಂಡ. "ಮೊದಲನೇ ದಿನವೇ ಇವರನ್ನ ಮುಗಿಸಬೇಕು ಅಂತಿದ್ದೆ. ಇನ್ನೊಂದು ಸಲ ನೋಡೋಣ, ಆ ಮುದ್ರೆ ಒತ್ತುವಾಗ ಇವರಿಗೆ ಎಷ್ಟು ಸಂತೋಷ ಆಗಿತ್ತೋ ಸರಿಯಾಗಿ ನೋಡಿಕೊಂಡು ಕೊಲ್ಲೋಣ ಅಂತ ತಡೆದೆ. ದಿನಾ ನೋಡಿದೆ. ನಾಲ್ಕು ತಿಂಗಳು ನಮ್ಮಪ್ಪನ ಓಲೆಗೆ ನಾನೇ ಮುದ್ರೆ ಒತ್ತಿದ್ದೀನಿ ಬಾಚಕ್ಕ."

ಆಮೇಲೆ ಮೊದಲ ಸಲ ಅವಳ ಕಡೆ ತಿರುಗಿದ. "ನಿಮಗೆ ಓದೋಕೆ ಬರ್ತಿತ್ತು."

"ಬರ್ತಿತ್ತು," ಎಂದಳು ಹೊನ್ನಕ್ಕ.

"ಕೈ ನಡುಗಲಿಲ್ಲ."

"ಆವತ್ತು ನಡುಗಲಿಲ್ಲ. ಆಮೇಲೆ ಶುರುವಾಯ್ತು."

'ಆಗ ಹನ್ನೊಂದು ವರ್ಷದ ಹುಡುಗಿ ನಾನು, ನನಗೇನು ಗೊತ್ತಿತ್ತು' ಎಂದು ಅವಳು ಒಂದು ಮಾತು ಅನ್ನಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅನ್ನಲಿಲ್ಲ.

"ಈಗ ನಿನ್ನದು," ಎಂದೆ.

"ಬೇಡ ಬಾಚಕ್ಕ. ನನ್ನ ನಾಲಿಗೆ ಹೀಗೇ ಇರಲಿ."

"ಹೇಳಿ," ಎಂದ ಕೇತಣ್ಣ. "ನನ್ನ ಕನಸು ತಾನೆ. ಏನಿದೆ ಅಂತ ನನಗೆ ಗೊತ್ತು."

ಅವಳು ಅವನನ್ನು ನೋಡದೆ ಬೀದಿಯನ್ನು ನೋಡುತ್ತ ಹೇಳಿದಳು. "ನಿಮ್ಮಪ್ಪ ದೊರೆಗೆ ಬರೆದ ಓಲೆ ನಿಮ್ಮ ಮಡಿಲಲ್ಲಿತ್ತು. ನಾನು ನಿರಪರಾಧಿ, ನನ್ನ ಮಾತು ಕೇಳಿ ಅಂತ. ದಾರೀಲಿ ಒಂದು ಊರಲ್ಲಿ ಕುದುರೆ ಓಟ ಇತ್ತು. ನಿಂತ್ರಿ. ಓಡಿಸಿದ್ರಿ. ಗೆದ್ರಿ. ಜನ ಹೆಗಲ ಮೇಲೆ ಹೊತ್ಕೊಂಡ್ರು. ಮಡಿಲಿಗೆ ಕೈ ಹಾಕಿ ಓಲೆ ಇದೆ ಅಂತ ಮುಟ್ಟಿ ನೋಡಿದ್ರಿ. ನಾಳೆ ಹೋದ್ರಾಯ್ತು ಅಂದ್ಕೊಂಡ್ರಿ. ಮಾರನೇ ದಿನ ಮಧ್ಯಾಹ್ನ ಅರಮನೆ ಬಾಗಿಲಿಗೆ ಬಂದ್ರಿ. ನಾನು ಮುದ್ರೆ ಒತ್ತಿದ್ದು ಆವತ್ತು ಬೆಳಗ್ಗೆ." ಅವಳ ದನಿ ಅಲ್ಲಿಯವರೆಗೆ ಗಟ್ಟಿಯಾಗಿತ್ತು. "ಆ ಹೆಗಲ ಮೇಲೆ ಕೂತಾಗಿನ ಖುಷಿ ಇದೆಯಲ್ಲ, ಅಂಥ ಖುಷಿ ನಾನು ಎಚ್ಚರದಲ್ಲಿ ಯಾವತ್ತೂ ಪಟ್ಟಿಲ್ಲ. ದಿನಾ ಬೆಳಗ್ಗೆ ಅದರಿಂದ ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡ್ತೀನಿ."



"ಇದು ಯಾರಿಗೆ ಗೊತ್ತು?" ಎಂದು ನಾನು ಅವನನ್ನು ಕೇಳಿದೆ.

"ಯಾರಿಗೂ ಇಲ್ಲ. ಅವ್ವನಿಗೆ ಕುದುರೆ ಕಾಲು ಮುರೀತು ಅಂತ ಹೇಳಿದ್ದೆ." ಅವನು ಕಠಾರಿಯ ಹಿಡಿಯನ್ನು ತಿರುಗಿಸುತ್ತ ಕೂತ. "ಇವರನ್ನ ಕೊಂದುಬಿಟ್ರೆ ಇದನ್ನ ತಿಳಿದವರು ಭೂಮಿ ಮೇಲೆ ಇರಲ್ಲ ಅಂತ ಒಂದು ಯೋಚನೆಯೂ ಬಂದಿತ್ತು ಬಾಚಕ್ಕ. ಅಪ್ಪನ ಸೇಡಿಗಿಂತ ಅದೇ ಜಾಸ್ತಿ ಬರ್ತಿತ್ತು."

"ಈಗ ನನಗೂ ತಿಳೀತಲ್ಲ," ಎಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ ಕಾಣೆ. "ನನ್ನನ್ನೂ ಕೊಲ್ಲಬೇಕಾಗುತ್ತೆ."

"ನನಗೂ ಕೇಳಿಸ್ತು!" ಒಳಗಿನಿಂದ ಅತ್ತೆ ಕೂಗಿದರು.

ಅವನಿಗೆ ನಗು ಬಂತು. ನಗುತ್ತ ನಗುತ್ತಲೇ ಅದು ಅಳುವಾಯಿತು. ಅಷ್ಟು ದೊಡ್ಡ ಆಳು ಮೊಣಕಾಲಿನ ನಡುವೆ ತಲೆ ಇಟ್ಟುಕೊಂಡು ಅತ್ತ. ಹೊನ್ನಕ್ಕ ಎದ್ದು ಹೋಗಿ ಅವನ ತೊಡೆಯ ಮೇಲಿಂದ ಜಾರಿದ ಕಠಾರಿಯನ್ನು ಎತ್ತಿಕೊಂಡಳು. ಸುತ್ತ ನೋಡಿದಳು, ಎಲ್ಲಿ ಇಡುವುದೋ ತೋಚಲಿಲ್ಲ. ಕೊನೆಗೆ ನನ್ನ ಕೈಗೇ ಕೊಟ್ಟಳು. ಆವತ್ತಿನಿಂದ ಅದರಲ್ಲೇ ಜೊಂಡು ಸೀಳುತ್ತಿದ್ದೇವೆ, ಒಳ್ಳೆಯ ಉಕ್ಕು.

ಆ ಮಧ್ಯಾಹ್ನವೇ ಅವನು ಹೊರಟ, ಬರಿಗೈಯಲ್ಲಿ. ಇಪ್ಪತ್ತು ದಿನದ ಮೇಲೆ ವಾಪಸು ಬಂದ. ಹೊನ್ನಕ್ಕ ಕೇಳಲಿಲ್ಲ, ನಾನು ಕೇಳಿದೆ. ಅವ್ವನಿಗೆ ಎಲ್ಲ ಹೇಳಿದೆ, ಓಟದ್ದೂ ಹೇಳಿದೆ ಎಂದ. "ಅವ್ವ ಬಾಗಿಲು ಹಾಕ್ಕೊಂಡ್ಲು. ಮೂರು ದಿನ ಹೊರಗೆ ಕೂತೆ. ತೆಗೀಲಿಲ್ಲ." ಅಷ್ಟು ಹೇಳಿ ಕೆರೆಗೆ ಜೊಂಡು ತರಲು ಹೋದ.

ವೈಶಾಖದಲ್ಲಿ ಮದುವೆ ಮಾಡಿದೆವು. ಅತ್ತೆ ತಮ್ಮ ಪೆಟ್ಟಿಗೆಯ ತಳದಿಂದ ಸೀರೆ ತೆಗೆದು ಕೊಟ್ಟರು. ಮಲ್ಲಯ್ಯನ ಹೆಂಡತಿ ಹಾಡು ಹೇಳಿದಳು. ಎಲ್ಲ ಸರಿ, ಆದರೆ ಮದುವೆಯಾದ ಮೇಲೂ ಅವನು ಬಲಗಡೆ ಕೋಣೆಯಲ್ಲಿ, ಅವಳು ಎಡಗಡೆ ಕೋಣೆಯಲ್ಲಿ. ಹಗಲೆಲ್ಲ ಅಂಟಿಕೊಂಡಿರುತ್ತಾರೆ; ಮಲಗುವ ಹೊತ್ತಿಗೆ ನಡುವೆ ಗೋಡೆ. ಬೀದಿಯವರು ಸುಮ್ಮನಿರುತ್ತಾರೆಯೇ? "ಅಲ್ಲ ಬಾಚಕ್ಕ, ಮದುವೆ ಅವರಿಗೋ ಗೋಡೆಗೋ?" ಎಂದು ಮಲ್ಲಯ್ಯ ಕೇಳಿದ. ಅತ್ತೆ ತಡೆಯಲಾರದೆ ಹೊನ್ನಕ್ಕನನ್ನು ಹಿಡಿದು ಕೇಳಿಯೇಬಿಟ್ಟರು.

"ಒಟ್ಟಿಗೆ ಮಲಗಿದ್ರೆ ಅವರ ಕನಸು ಅವರಿಗೇ ಬೀಳುತ್ತಲ್ಲ ಅಜ್ಜಿ," ಎಂದಳು ಅವಳು. "ಆ ಓಟ ಅವರಿಗೆ ತಡೆಯೋಕಾಗಲ್ಲ. ನನಗೆ ಅಭ್ಯಾಸ ಆಗಿದೆ."

ಅವನನ್ನು ನಾನು ಕೇಳಿದೆ. "ಆ ಓಲೆಗೆ ಮತ್ತೆ ಅವಳ ಕೈಲಿ ಮುದ್ರೆ ಒತ್ತಿಸೋದಾ?" ಎಂದ. "ಬೇಡ. ನಾನೇ ಒತ್ಕೋತೀನಿ."

ಹಾಗೆ ಮಳೆಗಾಲ ಪೂರ್ತಿ ಕಳೆಯಿತು. ಬೆಳಗ್ಗೆ ಎದ್ದು ಅವಳ ಮುದ್ರೆ ಅವನು ಒಪ್ಪಿಸುವುದು, ಅವನ ಓಟ ಅವಳು ಒಪ್ಪಿಸುವುದು, ಒಂದು ಅಕ್ಷರ ಉಳಿಸದೆ. ನಾನು ನಡುವೆ ಕೂತು ಕೇಳಿ ಕೇಳಿ, ಆ ಕುದುರೆಯ ಬಣ್ಣವನ್ನು ನನ್ನನ್ನೇ ಕೇಳಿದರೂ ಹೇಳುತ್ತಿದ್ದೆ. ಆದರೆ ಹೊನ್ನಕ್ಕ ದಿನೇ ದಿನೇ ಸೊರಗಿದಳು. ಒಪ್ಪಿಸಿ ಎದ್ದು ನೆಟ್ಟಗೆ ಹಿತ್ತಲಿಗೆ ಹೋಗುತ್ತಿದ್ದಳು. ಅವನು ಅಂಬಲಿಯ ಬಟ್ಟಲು ಹಿಡಿದುಕೊಂಡು, ಅವಳು ವಾಂತಿ ಮಾಡುವ ಸದ್ದು ಕೇಳುತ್ತ ಕೂರುತ್ತಿದ್ದ.

ಮಹಾನವಮಿ ಮುಗಿದ ವಾರ, ಒಂದು ಸಂಜೆ, ಅವನು ತನ್ನ ಕಂಬಳಿ ಚಾಪೆ ಸುತ್ತಿಕೊಂಡು ಬಲಗಡೆ ಕೋಣೆಯಿಂದ ಹೊರಗೆ ಬಂದ. ಹೊನ್ನಕ್ಕ ತನ್ನ ಬಾಗಿಲಿಗೆ ಅಡ್ಡ ನಿಂತಳು.

"ಬೇಡ ಅಂದೆನಲ್ಲ."

"ದಾರೀಲಿ ಕುದುರೆ ನಿಲ್ಲಿಸಿದವನು ನಾನು," ಎಂದ ಅವನು. "ನಿಲ್ಲಿಸಿದವನೇ ನೋಡಲಿ ಬಿಡು."

"ಹಾಗಾದ್ರೆ ನನ್ನದು?"

"ನಿನ್ನದು ನಿನಗೇ ಬೀಳುತ್ತೆ. ಪಕ್ಕದಲ್ಲಿ ನಾನಿರ್ತೀನಿ."

ಅವಳು ಅವನ ಕೈಯಿಂದ ಚಾಪೆ ಇಸಿದುಕೊಂಡಳು. ಆಮೇಲೆ ದಾರಿ ಬಿಟ್ಟಳು.

ಬೆಳಗ್ಗೆ ಅಭ್ಯಾಸಬಲದಿಂದ ನಾನು ಪೊರಕೆ ಹಿಡಿದುಕೊಂಡು ಜಗಲಿಗೆ ಬಂದು ನಡುವೆ ಕೂತೆ. ಕೂತ ಮೇಲೆ ನೆನಪಾಯಿತು, ಇನ್ನು ಒಪ್ಪಿಸುವುದು ಏನೂ ಇಲ್ಲವಲ್ಲ. ಜೊತೆಗೆ ಮಲಗಿದವರು ಕನಸು ಹೇಳಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಅವರವರದ್ದು ಅವರವರಿಗೇ ಬಿದ್ದ ಮೇಲೆ ಯಾರು ಯಾರಿಗೆ ಹೇಳುವುದು? ಗಂಡ ಹೆಂಡಿರು ಎದ್ದು, ಮೈ ಮುರಿದು, ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಅವರಿಬ್ಬರೂ ಒಂದೇ ಬಾಗಿಲಿನಿಂದ ಬಂದರು. ಇಬ್ಬರ ಕಣ್ಣೂ ಕೆಂಪಾಗಿದ್ದವು. ಅವನ ಮುಖ ಅತ್ತು ಊದಿತ್ತು. ಬಂದವರು ತುದಿಗೊಬ್ಬರು ಕೂರಲಿಲ್ಲ, ನನ್ನ ಎಡಗಡೆಗೇ ಒತ್ತಿಕೊಂಡು ಕೂತರು.

"ಅಂಬಲಿ ತರ್ತೀನಿ ಇರಿ," ಎಂದೆ.

"ತಡೀರಿ ಬಾಚಕ್ಕ," ಎಂದ ಅವನು. ಹೆಂಡತಿಯ ಕಡೆ ತಿರುಗಿ, "ಹೆಗಲ ಮೇಲೆ ಕೂತಿದ್ದೆ ಹೊನ್ನಿ," ಎಂದ.

"ಹೂಂ," ಎಂದಳು ಅವಳು. "ಹೇಳಿ."

"ಮಡಿಲಿಗೆ ಕೈ ಹಾಕಿದೆ. ಓಲೆ ಬೆಚ್ಚಗಿತ್ತು."

"ಅದು ನನಗೆ ಗೊತ್ತಾಗಿರಲಿಲ್ಲ. ಬೆಚ್ಚಗಿತ್ತಾ?"

"ನನ್ನ ಮೈ ಶಾಖಕ್ಕೆ. ಇಳಿಸಿ ಅಂತ ಅವರಿಗೆ ಹೇಳೋಕೆ ಬಾಯಿ ತೆಗೆದೆ..."

ಮೂವತ್ತು ವರ್ಷ ನಾನು ಎಷ್ಟೋ ಜನರ ನಡುವೆ ಕೂತಿದ್ದೇನೆ. ಮಾತು ಕೇಳುವುದೆಂದರೆ ನನಗೆ ಊಟಕ್ಕಿಂತ ಹೆಚ್ಚು, ಅದನ್ನು ಮುಚ್ಚಿಡುವುದೇಕೆ. ಮುಂದೆ ಏನಾಯಿತು ಎಂದು ತಿಳಿಯದಿದ್ದರೆ ಇಡೀ ದಿನ ಜೀವ ಹಿಂಡುತ್ತದೆ ಎಂದೂ ಗೊತ್ತಿತ್ತು. ಆದರೂ ಪೊರಕೆ ಎತ್ತಿಕೊಂಡು ಎದ್ದೆ. ಬಾಗಿಲ ಸಂದಿಯಲ್ಲಿ ಅತ್ತೆ ಕಿವಿ ಇಟ್ಟು ನಿಂತಿದ್ದರು. ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ.